ಒಂದು ಹಾಗ್ಸ್‌ಹೆಡ್‌ಗೆ ಎಷ್ಟು ಟೀ ಚಮಚ? ಮೊದಲು ಪೀಪಾಯಿ ಅಳೆಯಿರಿ

ಪ್ರಶ್ನೆ: ಸರ್, ನಾವು ಶಿವಮೊಗ್ಗದ ಕಡೆಯವರು. ಈಗ ಇಂಗ್ಲೆಂಡಿನ ಹೆರಿಫರ್ಡ್‌ಶೈರಿನ ಒಂದು ಹಳ್ಳಿಯಲ್ಲಿದ್ದೇವೆ. ಪಕ್ಕದ ಮನೆಯವರಿಗೆ ಸೇಬಿನ ತೋಟ ಇದೆ. ಅವರಿಂದ ಕಲಿತು ಒಂದು ಗ್ಯಾಲನ್ನಿನ ಗಾಜಿನ ಜಾಡಿಯಲ್ಲಿ ಸೈಡರ್ (ಸೇಬಿನ ರಸ ಹುದುಗಿಸಿ ಮಾಡುವ ಪಾನೀಯ) ಮಾಡುತ್ತೇನೆ, ಚೆನ್ನಾಗೇ ಬರುತ್ತೆ. ನನ್ನ ಅಳತೆ ಇದು: ಗ್ಯಾಲನ್ನಿಗೆ ಒಂದು ಕ್ಯಾಂಪ್ಡನ್ ಮಾತ್ರೆ, ಒಂದು ಟೀ ಚಮಚ ರಸ ತಿಳಿಯಾಗಿಸುವ ಪೆಕ್ಟಿಕ್ ಎಂಜೈಮ್ ಪುಡಿ, ಒಂದು ಟೀ ಚಮಚ ಯೀಸ್ಟಿನ ಪೋಷಕ, ಅರ್ಧ ಚಮಚ ಯೀಸ್ಟ್. ಈ ಸಲ ಅವರು ಹಳೇ ಓಕ್ ಪೀಪಾಯಿ ತಂದಿದ್ದಾರೆ. 'ಹಾಗ್ಸ್‌ಹೆಡ್' ಅಂತಾರೆ. ಅದಕ್ಕೆ ಎಷ್ಟು ಚಮಚ ಹಿಡಿಯುತ್ತೆ ಅಂತ ಮೊಬೈಲಿನಲ್ಲಿ ನೋಡಿದರೆ ಒಂದು ಆ್ಯಪ್ 48,384 ಅನ್ನುತ್ತೆ, ಇನ್ನೊಂದು 41,472, ಮತ್ತೊಂದು 49,098. ನಮ್ಮ ಅಜ್ಜಿ ಪಾವು, ಸೇರು, ಕೊಳಗ, ಖಂಡುಗ ಎಲ್ಲ ಬಾಯಿಲೆಕ್ಕದಲ್ಲಿ ಹೇಳುತ್ತಿದ್ದರು, ಇಲ್ಲಿ ಯಂತ್ರಕ್ಕೇ ಗೊತ್ತಿಲ್ಲವಲ್ಲ! ಚಮಚದಲ್ಲಿ ಸಣ್ಣ ತಪ್ಪಾದರೆ ಪೀಪಾಯಿಯಲ್ಲಿ ಐವತ್ತು ಪಟ್ಟು ದೊಡ್ಡದಾಗುತ್ತೆ ಅಲ್ವಾ? ಹಳೇ ಮರ ರಸ ಕುಡಿಯುತ್ತೆ ಅಂತಾರೆ, ಅದಕ್ಕೂ ಲೆಕ್ಕ ಇಡಬೇಕಾ?

ಉತ್ತರ: ನಿಮ್ಮ ಆತಂಕ ಎರಡು ಥರದ್ದು. ಒಂದು, ಮೂರು ಆ್ಯಪ್ ಮೂರು ಸಂಖ್ಯೆ ಹೇಳುತ್ತಿವೆ, ಯಾವುದನ್ನು ನಂಬೋದು? ಇನ್ನೊಂದು, ಗುಣಿಸುವಾಗ ಎಡವಿದರೆ ಪೀಪಾಯಿ ತುಂಬಾ ರಸ ಹಾಳಾಗುತ್ತೆ. ಮೊದಲನೆಯದಕ್ಕೆ ಹೆದರಬೇಡಿ. ಎರಡನೆಯದಕ್ಕೆ ಸ್ವಲ್ಪ ಹೆದರಬೇಕು, ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ.

ಆ ಮೂರೂ ಸಂಖ್ಯೆ ಸರಿ. 48,384 ಅನ್ನುವುದು ಅಮೆರಿಕದ ಲೆಕ್ಕ: 63 ಅಮೆರಿಕನ್ ಗ್ಯಾಲನ್, ಗ್ಯಾಲನ್ನಿಗೆ 768 ಟೀ ಚಮಚ. ಲೀಟರಿನಲ್ಲಿ 238. 49,098 ಅನ್ನುವುದು ಬ್ರಿಟನ್ನಿನ ಬಿಯರ್ ಹಾಗ್ಸ್‌ಹೆಡ್, 54 ಇಂಪೀರಿಯಲ್ ಗ್ಯಾಲನ್, 245 ಲೀಟರ್, ಅದನ್ನು ಈಗಿನ 5 ಮಿ.ಲೀ. ಚಮಚದಿಂದ ಭಾಗಿಸಿದ್ದು. 41,472 ಕೂಡ ಅದೇ 245 ಲೀಟರೇ. ಆ ಆ್ಯಪ್ 5.92 ಮಿ.ಲೀ.ನ 'ಇಂಪೀರಿಯಲ್ ಟೀ ಚಮಚ' ಹಿಡಿದಿದೆ ಅಷ್ಟೆ. ಅಂಥ ಚಮಚ ನಿಮ್ಮ ಅಡುಗೆಮನೆಯಲ್ಲಿ ಇರೋದಿಲ್ಲ. ಚಮಚದ ಸಂಖ್ಯೆ ನೋಡಿದರೆ ಸುಮಾರು 7,600ರ ವ್ಯತ್ಯಾಸ, ಲೀಟರಿಗೆ ಇಳಿಸಿದರೆ ಬರೀ 7 ಲೀಟರ್. ಅದಕ್ಕೇ ಹೇಳೋದು, ಇಷ್ಟು ದೊಡ್ಡ ಪಾತ್ರೆಯನ್ನು ಚಮಚದಲ್ಲಿ ಎಣಿಸಲೇಬಾರದು. ಏನೇ ಬಂದರೂ ಮೊದಲು ಲೀಟರಿಗೆ ತನ್ನಿ.

ಈ ಗೋಜಲು ಹುಟ್ಟಿದ್ದು ಹೇಗೆ ಅಂತ ಒಂದು ಮಾತು. ಹಳೇ ಇಂಗ್ಲೆಂಡಿನಲ್ಲಿ ವೈನಿಗೆ ಒಂದು ಗ್ಯಾಲನ್, ಬಿಯರಿಗೆ ಇನ್ನೊಂದು. ವೈನ್ ಗ್ಯಾಲನ್ 231 ಘನ ಇಂಚು, ಬಿಯರ್ ಗ್ಯಾಲನ್ 282. ಪೀಪಾಯಿಗಳೂ ಹಾಗೇ ಬೇರೆ ಬೇರೆ. ವೈನಿನದು 252 ಗ್ಯಾಲನ್ನಿನ 'ಟನ್' ಅನ್ನುವ ಪೀಪಾಯಿಯಿಂದ ಶುರುವಾಗಿ ಅರ್ಧ ಅರ್ಧ ಆಗುತ್ತಾ ಬರುತ್ತೆ: 126ಕ್ಕೆ ಪೈಪ್, 63ಕ್ಕೆ ಹಾಗ್ಸ್‌ಹೆಡ್. ಬಿಯರಿನದು ಕೆಳಗಿನಿಂದ ಮೇಲಕ್ಕೆ: 9 ಗ್ಯಾಲನ್ನಿನ ಫರ್ಕಿನ್, 18ರ ಕಿಲ್ಡರ್ಕಿನ್, 36ರ ಬ್ಯಾರಲ್, 54ರ ಹಾಗ್ಸ್‌ಹೆಡ್. ಅಮೆರಿಕದವರು ಸ್ವತಂತ್ರರಾದ ಮೇಲೂ ಹಳೇ ವೈನ್ ಗ್ಯಾಲನ್ನನ್ನೇ ಇಟ್ಟುಕೊಂಡರು. ಬ್ರಿಟನ್ 1824ರ ಕಾಯ್ದೆಯಲ್ಲಿ ಎರಡನ್ನೂ ಬಿಟ್ಟು, ಹತ್ತು ಪೌಂಡ್ ನೀರು ಹಿಡಿಯುವ ಹೊಸ ಇಂಪೀರಿಯಲ್ ಗ್ಯಾಲನ್ ತಂದಿತು. ಅದು 4.546 ಲೀಟರ್. ಅಮೆರಿಕದ್ದು 3.785. ಅಂದರೆ ಬ್ರಿಟಿಷ್ ಗ್ಯಾಲನ್ ಐದನೇ ಒಂದು ಭಾಗ ದೊಡ್ಡದು. ಒಂದು ವಿಚಿತ್ರ ನೋಡಿ, ಬ್ರಿಟಿಷರ ಪೈಂಟ್ (ಗ್ಯಾಲನ್ನಿನ ಎಂಟನೇ ಒಂದು ಭಾಗ) ದೊಡ್ಡದಾದರೂ ಅವರ ದ್ರವ ಔನ್ಸ್ ಅಮೆರಿಕದ್ದಕ್ಕಿಂತ ಚಿಕ್ಕದು, 28.4 ಮಿ.ಲೀ.ಗೆ ಎದುರಾಗಿ 29.6. ಬ್ರಿಟನ್ನಿನ ಪೈಂಟಿಗೆ 20 ಔನ್ಸ್, ಅಮೆರಿಕದ ಪೈಂಟಿಗೆ 16. ಅಜ್ಜಿಯ ಲೆಕ್ಕವೂ ಒಂದೇ ಊರೊಳಗೆ ಗಟ್ಟಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅನ್ನೋದು ಸರಿಯೇ, ಆದರೆ ಊರು ಬದಲಾದರೆ ಕೊಳಗದ ಗಾತ್ರವೇ ಬದಲಾಗುತ್ತಿತ್ತು.

ನಿಜವಾಗಿ ಕೈಕೊಡೋದು ಬೆರಕೆ ಲೆಕ್ಕ. ಯಾರೋ ಹಾಗ್ಸ್‌ಹೆಡ್‌ಗೆ 63 ಗ್ಯಾಲನ್ ಅಂದರು, ನೀವು ಬ್ರಿಟನ್ನಿನಲ್ಲಿ ಇದ್ದೀರಲ್ಲ ಅಂತ 63ನ್ನು ಇಂಪೀರಿಯಲ್ ಗ್ಯಾಲನ್ನಿಂದ ಗುಣಿಸಿದಿರಿ. 286 ಲೀಟರ್ ಬಂತು. ಪೀಪಾಯಿ ನಿಜವಾಗಿ ಹಿಡಿಯೋದು 245. ಶೇಕಡಾ 17 ಜಾಸ್ತಿ. ಕೆಲವು ಪರಿವರ್ತನೆ ಪಟ್ಟಿಗಳಲ್ಲೂ ಈ 286 ಸಿಗುತ್ತೆ.

ಇನ್ನೂ ದೊಡ್ಡ ಗುಂಡಿ ನಿಮ್ಮ ಊರಿನಲ್ಲೇ ಇದೆ. ಹೆರಿಫರ್ಡ್‌ಶೈರಿನ ಹಳೇ ಕೃಷಿ ಬರಹಗಳಲ್ಲಿ ಸೈಡರಿನ ಹಾಗ್ಸ್‌ಹೆಡ್ ಅಂದರೆ 100–110 ಗ್ಯಾಲನ್, ಸುಮಾರು 500 ಲೀಟರ್. ಅಂದರೆ ಬಿಯರಿನದಕ್ಕೆ ಎರಡರಷ್ಟು! ನಿಮ್ಮ ಪಕ್ಕದ ಮನೆಯವರು ಯಾವ ಅರ್ಥದಲ್ಲಿ ಹೇಳಿದರೋ ಕೇಳಿ. ಅದಕ್ಕಿಂತ ಮುಖ್ಯ, ಪೀಪಾಯಿ ಎಲ್ಲಿಂದ ಬಂತು ಅಂತ ಕೇಳಿ. ಈಗ ಹಳೇ ಓಕ್ ಪೀಪಾಯಿ ಅಂತ ಸಿಗುವುದರಲ್ಲಿ ಬಹಳಷ್ಟು ವಿಸ್ಕಿ ತಯಾರಕರು ಬಿಟ್ಟದ್ದು. ಸ್ಕಾಟ್ಲೆಂಡಿನ ವಿಸ್ಕಿಯವರು ಹಾಗ್ಸ್‌ಹೆಡ್ ಅನ್ನೋದು ಸುಮಾರು 250 ಲೀಟರಿನದಕ್ಕೆ. ಅಮೆರಿಕದ ಬೋರ್ಬನ್ ವಿಸ್ಕಿಯ ಬ್ಯಾರಲ್ ಸುಮಾರು 200. ಫ್ರಾನ್ಸಿನ ಬೋರ್ಡೋ ಕಡೆಯ ವೈನ್ ಪೀಪಾಯಿ 225. ಶೆರ್ರಿ ವೈನಿನ 'ಬಟ್' ಅನ್ನುವ ಪೀಪಾಯಿ ಆದರೆ 500 ಹತ್ತಿರ. ಮಾರುವವರು ಎಲ್ಲದಕ್ಕೂ ಬಾಯಿಗೆ ಬಂದ ಹೆಸರು ಹೇಳಿಬಿಡುತ್ತಾರೆ.

ಹಾಗಾಗಿ ಹೆಸರು ಬಿಡಿ, ಅಳೆಯಿರಿ. ವೈನರಿಯ ಲ್ಯಾಬಿನಲ್ಲಿ ನಾವೂ ಅದನ್ನೇ ಮಾಡುತ್ತಿದ್ದೆವು. ಹೊಸ ಪೀಪಾಯಿ ಬಂದರೆ ಮೇಲೆ ಏನೇ ಬರೆದಿರಲಿ, ನೀರು ತುಂಬಿಸಿ ನೋಡಿಯೇ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಹಳೇ ಪೀಪಾಯಿಯನ್ನು ಹೇಗೂ ಎರಡು ಮೂರು ದಿನ ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಒಣಗಿದ ಹಲಗೆಗಳ ಸಂದಿನಲ್ಲಿ ಸೋರುತ್ತೆ. ಸೋರೋದು ನಿಂತ ಮೇಲೆ ಖಾಲಿ ಮಾಡಿ ಮತ್ತೆ ತುಂಬಿಸುವಾಗ ಗುರುತು ಹಾಕಿದ 10 ಲೀಟರ್ ಬಕೆಟ್ಟಿನಲ್ಲಿ ಎಣಿಸಿ ಹಾಕಿ. ತೋಟದ ಪೈಪಿಗೆ ಹಾಕುವ ಸಣ್ಣ ನೀರಿನ ಮೀಟರ್ ಇದ್ದರೆ ಇನ್ನೂ ಸುಲಭ. ಇದಕ್ಕಿಂತ ನಂಬಿಕೆಯ ದಾರಿ ಇಲ್ಲ.

ನೀರು ಹಾಕುವ ಮೊದಲೇ ಅಂದಾಜು ಬೇಕು ಅಂದರೆ ಟೇಪ್ ಸಾಕು. ಒಳಗಿನ ಅಳತೆ ಸೆಂಟಿಮೀಟರಿನಲ್ಲಿ ತಗೊಳ್ಳಿ. ಹೊಟ್ಟೆಯ ವ್ಯಾಸವನ್ನು ಅದರಿಂದಲೇ ಗುಣಿಸಿ ಎರಡರಷ್ಟು ಮಾಡಿ. ತುದಿಯ ವ್ಯಾಸವನ್ನು ಅದರಿಂದಲೇ ಗುಣಿಸಿ ಅದಕ್ಕೆ ಕೂಡಿಸಿ. ಒಟ್ಟನ್ನು ಉದ್ದದಿಂದ ಗುಣಿಸಿ, ಮತ್ತೆ 0.262ರಿಂದ ಗುಣಿಸಿ, 1,000ದಿಂದ ಭಾಗಿಸಿ. ಬಂದದ್ದು ಲೀಟರ್. ಹೊಟ್ಟೆ 65, ತುದಿ 55, ಉದ್ದ 82 ಇದ್ದರೆ ಸುಮಾರು 246 ಲೀಟರ್ ಬರುತ್ತೆ. ಇಲ್ಲೊಂದು ಎಚ್ಚರಿಕೆ. ಹೊರಗಿಂದ ಟೇಪ್ ಹಿಡಿದರೆ ಹಲಗೆಯ ದಪ್ಪ ಸೇರಿ 70 ಮತ್ತು 60 ಸಿಗುತ್ತೆ, ಲೆಕ್ಕ 288ಕ್ಕೆ ಹೋಗುತ್ತೆ. ಆ 63 ಗ್ಯಾಲನ್ನಿನ ಬೆರಕೆ ಲೆಕ್ಕವೂ 286 ಅಂದಿತ್ತಲ್ಲ? ಎರಡು ತಪ್ಪು ಒಂದಕ್ಕೊಂದು ತಾಳೆಯಾಗಿ 'ಆಹಾ, ಸರಿಯಾಗಿದೆ' ಅನ್ನಿಸಿಬಿಡುತ್ತೆ. ಅಳತೆಯಲ್ಲಿ ಇದಕ್ಕಿಂತ ಮೋಸದ್ದು ಇನ್ನೊಂದಿಲ್ಲ.

ಪೀಪಾಯಿ ಅಳೆಯೋದು ಹಳೇ ಜಗಳವೇ. ಗ್ರಹಗಳ ಚಲನೆಯ ನಿಯಮ ಹೇಳಿದ ಕೆಪ್ಲರ್ 1613ರಲ್ಲಿ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಎರಡನೇ ಮದುವೆಗೆ ವೈನ್ ಕೊಂಡಾಗ, ವ್ಯಾಪಾರಿ ಬಿರಡೆಯ ತೂತಿನಿಂದ ಓರೆಯಾಗಿ ಒಂದು ಕೋಲು ಇಳಿಸಿ, ಅದು ಎಷ್ಟು ಉದ್ದ ಹೋಯಿತು ಅಂತ ನೋಡಿ ಬೆಲೆ ಹೇಳಿದನಂತೆ. ಪೀಪಾಯಿಯ ಆಕಾರ ಬದಲಾದರೂ ಕೋಲಿನ ಉದ್ದ ಒಂದೇ ಬರಬಹುದಲ್ಲ ಅಂತ ಕೆಪ್ಲರ್‌ಗೆ ತಲೆ ಕೆಟ್ಟು, 1615ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು.

ಈಗ ನಿಮ್ಮ 'ತಪ್ಪು ಐವತ್ತು ಪಟ್ಟು' ವಿಷಯ. ಗ್ರಾಮಿನಲ್ಲಿ ನೋಡಿದರೆ ಹೌದು. ಆದರೆ ಯೀಸ್ಟಿಗೂ ರಸಕ್ಕೂ ಲೀಟರಿಗೆ ಎಷ್ಟು ಬಿತ್ತು ಅನ್ನೋದಷ್ಟೇ ಮುಖ್ಯ. ಒಂದು ಗ್ಯಾಲನ್ನಿಗೆ ಶೇಕಡಾ 20 ಜಾಸ್ತಿ ಹಾಕುತ್ತಿದ್ದರೆ ಪೀಪಾಯಿಗೂ ಅದೇ ಶೇಕಡಾ 20 ಜಾಸ್ತಿ ಬೀಳುತ್ತೆ, ಸಾವಿರ ಅಲ್ಲ. ಅಷ್ಟೇ ಅಲ್ಲ, ಒಂದೊಂದಾಗಿ 54 ಸಲ ಚಮಚ ಹಾಕಿದರೆ ಒಂದರಲ್ಲಿ ಸ್ವಲ್ಪ ಜಾಸ್ತಿ, ಇನ್ನೊಂದರಲ್ಲಿ ಸ್ವಲ್ಪ ಕಮ್ಮಿ ಆಗಿ ಕೈತಪ್ಪು ಬಹುಮಟ್ಟಿಗೆ ಸರಿದೂಗುತ್ತೆ. ಸರಿದೂಗದೇ ಉಳಿಯೋದು ಚಮಚವೇ ದೊಡ್ಡದಿದ್ದರೆ, ಅಥವಾ ನೀವು ಪ್ರತಿ ಸಲ ಗೋಪುರ ಕಟ್ಟಿ ತುಂಬಿದರೆ. ಮನೆಯಲ್ಲಿ ಕಾಫಿ ಕದಡುವ ಚಮಚ 3 ಮಿ.ಲೀ. ಇರಬಹುದು, 7 ಕೂಡ ಇರಬಹುದು. ಔಷಧದ ಬಾಟಲಿ ಜೊತೆ ಬರುವ 5 ಮಿ.ಲೀ. ಚಮಚ ನಂಬಬಹುದು. ಅಮೆರಿಕದ ಅಳತೆ ಚಮಚವೂ 4.93, ಆ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಆದರೆ ಆಸ್ಟ್ರೇಲಿಯಾದ ರೆಸಿಪಿ ಕೈಗೆ ಸಿಕ್ಕಿದರೆ ಹುಷಾರು, ಅವರ ಟೇಬಲ್ ಚಮಚ 20 ಮಿ.ಲೀ., ನಿಮ್ಮಲ್ಲಿ 15.

ಚಮಚದ ಇನ್ನೊಂದು ತೊಂದರೆ, ಅದು ಜಾಗ ಅಳೆಯುತ್ತೆ, ತೂಕ ಅಲ್ಲ. ಅದೇ ಒಂದು ಟೀ ಚಮಚದಲ್ಲಿ ಒಣ ಯೀಸ್ಟ್ ಸುಮಾರು 3 ಗ್ರಾಂ, ಸಕ್ಕರೆ 4, ಉಪ್ಪು 6 ಹಿಡಿಯುತ್ತೆ. ಜಾಡಿಗೆ ಇದು ನಡೆಯುತ್ತೆ, ಯಾಕಂದರೆ ಹಾಳಾದರೆ ಒಂದು ಜಾಡಿ ಹೋಗುತ್ತೆ. ಪೀಪಾಯಿ ತುಂಬಿಸಲು ಸಣ್ಣ ಪ್ರೆಸ್ಸಿನಲ್ಲಿ ಸುಮಾರು 400 ಕೆ.ಜಿ. ಸೇಬು ಹಿಂಡಬೇಕು. ಅಷ್ಟು ಹಿಂಡಿದ ಮೇಲೆ ಚಮಚ ನಂಬಿ ಕೂರೋದಕ್ಕಿಂತ ಗ್ರಾಮಿನ ಪುಟ್ಟ ತೂಕದ ಯಂತ್ರ ಕೊಳ್ಳೋದು ಲೇಸು.

ನಿಮ್ಮ ಪಟ್ಟಿಯಲ್ಲಿ ಜಾಗರೂಕತೆ ಬೇಕಾದದ್ದು ಒಂದೇ, ಆ ಕ್ಯಾಂಪ್ಡನ್ ಮಾತ್ರೆ. ಅದರ ಕೆಲಸ ಕಾಡು ಬ್ಯಾಕ್ಟೀರಿಯಾ ತಡೆಯುವ ಸಲ್ಫರ್ ಡೈಆಕ್ಸೈಡ್ ಬಿಡೋದು. ಒಂದು ಮಾತ್ರೆ ಒಂದು ಇಂಪೀರಿಯಲ್ ಗ್ಯಾಲನ್ನಿಗೆ ಬಿದ್ದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಬರುತ್ತೆ. 54 ಮಾತ್ರೆ ಕುಟ್ಟುತ್ತಾ ಕೂರಬೇಡಿ, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿ ಸಿಗುತ್ತೆ. ಅದರ ತೂಕದಲ್ಲಿ ಶೇಕಡಾ 57ರಷ್ಟು ಸಲ್ಫರ್ ಡೈಆಕ್ಸೈಡ್. 245 ಲೀಟರಿಗೆ 50 ಮಿಲಿಗ್ರಾಂ ಮಟ್ಟ ಬೇಕಾದರೆ ಪುಡಿ 21–22 ಗ್ರಾಂ, 100 ಬೇಕಾದರೆ 43 ಗ್ರಾಂ.

50 ಸಾಕೋ 100 ಬೇಕೋ ಅನ್ನೋದನ್ನು ಹೇಳೋದು ರಸದ ಪಿಎಚ್, ಅಂದರೆ ಹುಳಿಯ ಅಳತೆ; ಸಂಖ್ಯೆ ಕಮ್ಮಿ ಆದಷ್ಟೂ ಹುಳಿ ಜಾಸ್ತಿ. 3.3ಕ್ಕಿಂತ ಕೆಳಗಿದ್ದರೆ 50 ಸಾಕು. 3.3ರಿಂದ 3.5 ಇದ್ದರೆ 100. 3.5ರಿಂದ 3.8 ಇದ್ದರೆ 150. ಅದಕ್ಕಿಂತ ಮೇಲಿದ್ದರೆ ಪುಡಿ ಸುರಿದು ಪ್ರಯೋಜನ ಇಲ್ಲ, ಮೊದಲು ಹುಳಿ ಸೇಬಿನ ರಸ ಬೆರೆಸಿ ಪಿಎಚ್ ಇಳಿಸಬೇಕು. ನಿಮ್ಮ ಕಡೆಯ ಡ್ಯಾಬಿನೆಟ್ ಥರದ ಸಿಹಿ-ಒಗರು ಸೇಬಿನಲ್ಲಿ ಹುಳಿ ಕಮ್ಮಿ, ಫಾಕ್ಸ್‌ವೆಲ್ಪ್ ಥರದ್ದರಲ್ಲಿ ಜಾಸ್ತಿ. ಹಾಗಾಗಿ ಜಾಡಿಯಲ್ಲಿ ಒಂದು ಮಾತ್ರೆಗೆ ಸರಿಹೋದದ್ದು ಬೇರೆ ಮರದ ಸೇಬು ಸೇರಿದ ಪೀಪಾಯಿಗೆ ಸಾಲದೇ ಹೋಗಬಹುದು. ಪಿಎಚ್ ನೋಡುವ ಕಾಗದದ ಪಟ್ಟಿಗಿಂತ ಸಣ್ಣ ಮೀಟರ್ ಒಳ್ಳೆಯದು, ಸೇಬಿನ ರಸದ ಬಣ್ಣದಲ್ಲಿ ಪಟ್ಟಿ ಓದೋದು ಕಷ್ಟ.

ಈಗ ಪೀಪಾಯಿಯ ಗಾತ್ರ ತಪ್ಪಿದರೆ ಏನಾಗುತ್ತೆ ನೋಡಿ. ನೀವು 110 ಗ್ಯಾಲನ್ ಅಂದುಕೊಂಡು 100ರ ಮಟ್ಟಕ್ಕೆ ಲೆಕ್ಕ ಹಾಕಿ 88 ಗ್ರಾಂ ತೂಗಿದಿರಿ, ಒಳಗಿರೋದು 245 ಲೀಟರ್. ಲೀಟರಿಗೆ 200 ಮಿಲಿಗ್ರಾಂ ದಾಟಿತು. ಸೈಡರಿಗೆ ಅಲ್ಲಿನ ಕಾನೂನಿನ ಗರಿಷ್ಠ ಮಿತಿಯೇ 200. ಯೀಸ್ಟ್ ಏಳೋದಕ್ಕೆ ಒದ್ದಾಡುತ್ತೆ, ಕುಡಿದರೆ ಮೂಗಿಗೆ ಬೆಂಕಿಕಡ್ಡಿ ವಾಸನೆ ಹೊಡೆಯುತ್ತೆ, ಆಸ್ತಮಾ ಇರುವವರಿಗೆ ತೊಂದರೆ. ಉಲ್ಟಾ ಆದರೆ, ಅಂದರೆ 500 ಲೀಟರಿಗೆ 245ರ ಲೆಕ್ಕದಲ್ಲಿ ಹಾಕಿದರೆ, ಕಾಡು ಬ್ಯಾಕ್ಟೀರಿಯಾ ಗೆದ್ದು ವಿನೆಗರ್ ಕಡೆ ಹೋಗಬಹುದು. ಎರಡರಲ್ಲಿ ಯಾವುದಾದರೂ ಅನುಮಾನ ಇದ್ದರೆ ಕಮ್ಮಿ ಹಾಕೋದೇ ವಾಸಿ, ಆಮೇಲೆ ಸೇರಿಸಬಹುದು, ಹಾಕಿದ್ದನ್ನು ತೆಗೆಯೋಕಾಗಲ್ಲ. ಪುಡಿಯನ್ನು ಸ್ವಲ್ಪ ತಣ್ಣೀರಿನಲ್ಲಿ ಕರಗಿಸಿ ಹಾಕಿ, ಬಾಗಿಲು ತೆರೆದಿಟ್ಟು ಕೆಲಸ ಮಾಡಿ, ಒಂದು ದಿನ ಬಿಟ್ಟು ಯೀಸ್ಟ್ ಹಾಕಿ.

ಉಳಿದದ್ದರ ಬಗ್ಗೆ ಜಾಸ್ತಿ ಯೋಚನೆ ಬೇಡ. ಯೀಸ್ಟ್ ಬೆಳೆಯುವ ಜೀವ, ಹತ್ತಿಪ್ಪತ್ತು ಗ್ರಾಂ ಹೆಚ್ಚುಕಮ್ಮಿ ಆದರೆ ಏನೂ ಆಗಲ್ಲ, 100 ಲೀಟರಿಗೆ 20ರಿಂದ 30 ಗ್ರಾಂ ಸಾಕು, ನಿಮ್ಮ ಪೀಪಾಯಿ 245 ಲೀಟರಿನದಾದರೆ 50ರಿಂದ 75. ಎಂಜೈಮಿಗೆ ಚಮಚದ ಗುಣಾಕಾರ ಮಾಡಲೇಬೇಡಿ. ಮನೆ ಬಳಕೆಯ ಪುಡಿಯಲ್ಲಿ ಬೇರೆ ಪುಡಿ ಬೆರೆಸಿ ತೆಳು ಮಾಡಿರುತ್ತಾರೆ, ದೊಡ್ಡ ಡಬ್ಬಿಯಲ್ಲಿ ಬರೋದು ಗಾಢ. ಡಬ್ಬಿಯ ಮೇಲೆ 100 ಲೀಟರಿಗೆ ಇಷ್ಟು ಅಂತ ಬರೆದಿರುತ್ತೆ, ಅದೇ ವೇದವಾಕ್ಯ. ಇನ್ನು ಪೋಷಕ. ಗ್ಯಾಲನ್ನಿಗೆ ಒಂದು ಚಮಚ ಅನ್ನೋದು ಹೂವು, ಹಣ್ಣಿಗೆ ನೀರು ಸಕ್ಕರೆ ಬೆರೆಸಿ ಮಾಡುವ ವೈನಿಗೆ ಬರೆದ ಅಳತೆ. ಅಪ್ಪಟ ಸೇಬಿನ ರಸಕ್ಕೆ ಅಷ್ಟು ಬೇಡ. ಜಾಸ್ತಿ ಹಾಕಿದರೆ ಸೈಡರ್ ಓಡೋಡಿ ಹುದುಗಿ ಸುವಾಸನೆ ಕಳಕೊಳ್ಳುತ್ತೆ. ನಾನಾಗಿದ್ದರೆ ಮೊದಲು ಹಾಕೋದೇ ಇಲ್ಲ, ಹುದುಗುವುದು ಅರ್ಧಕ್ಕೆ ನಿಂತರೆ ಆಗ ಯೋಚಿಸುತ್ತೇನೆ.

ಜಾಡಿಯಲ್ಲಿ ಕಾಣಿಸದ ಒಂದು ಅಪಾಯ ಪೀಪಾಯಿಯಲ್ಲಿ ಇದೆ, ಅದನ್ನು ಯಾರೂ ಹೇಳಲ್ಲ. ರಸದಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇದ್ದರೆ, ಅದರ ಅರ್ಧದಷ್ಟು ತೂಕ ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಬರುತ್ತೆ. 245 ಲೀಟರಿಗೆ ಸುಮಾರು 12 ಕೆ.ಜಿ., ಅನಿಲವಾಗಿ 6,000 ಲೀಟರಿಗೂ ಜಾಸ್ತಿ. ಅದು ಗಾಳಿಗಿಂತ ಭಾರ, ನೆಲಮಾಳಿಗೆಯಲ್ಲಿ ಕೆಳಗೆ ನಿಲ್ಲುತ್ತೆ, ಉಸಿರು ಕಟ್ಟಬಹುದು. ಪೀಪಾಯಿಯನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿಡಿ, ಮಕ್ಕಳನ್ನು ದೂರ ಇಡಿ, ಬಿರಡೆಯನ್ನು ಗಟ್ಟಿಯಾಗಿ ಬಡಿಯಬೇಡಿ, ಏರ್‌ಲಾಕ್ (ಒಳಗಿನ ಅನಿಲ ಬಿಟ್ಟು ಹೊರಗಿನ ಗಾಳಿ ತಡೆಯುವ ಮುಚ್ಚಳ) ಹಾಕಿ.

ಮರ ರಸ ಕುಡಿಯೋದು ನಿಜ. ಹಲಗೆಯೊಳಗೆ ಕೆಲವು ಲೀಟರ್ ಹೀರಿಕೊಳ್ಳುತ್ತೆ, ಆಮೇಲೆ ನಿಧಾನಕ್ಕೆ ಆವಿಯಾಗುತ್ತಾ ಇರುತ್ತೆ. ಸ್ಕಾಟ್ಲೆಂಡಿನ ತಂಪಿನಲ್ಲಿ ವಿಸ್ಕಿ ವರ್ಷಕ್ಕೆ ಶೇಕಡಾ 2ರಷ್ಟು ಹೋಗುತ್ತೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ 10–12ರಷ್ಟು. ನಿಮ್ಮ ಹವೆ ಸ್ಕಾಟ್ಲೆಂಡಿಗೆ ಹತ್ತಿರ, ಆದ್ದರಿಂದ ಪುಡಿ ತೂಗುವಾಗ ಇದನ್ನು ಲೆಕ್ಕಕ್ಕೆ ತಗೋಬೇಡಿ. ಆದರೆ ಒಂದೆರಡು ಜಾಡಿ ಅದೇ ರಸವನ್ನು ಪಕ್ಕದಲ್ಲಿ ಹುದುಗಿಸಿಡಿ, ನೊರೆ ಇಳಿದ ಮೇಲೆ ಪೀಪಾಯಿಯನ್ನು ಬಾಯಿವರೆಗೆ ತುಂಬಿಸುತ್ತಾ ಇರೋದಕ್ಕೆ ಬೇಕಾಗುತ್ತೆ. ಮೇಲೆ ಖಾಲಿ ಜಾಗ ಬಿಟ್ಟರೆ ಗಾಳಿ ಸೇರಿ ಹುಳಿ ಹಿಡಿಯುತ್ತೆ. ಅರ್ಧ ಪೀಪಾಯಿ ಸೈಡರ್ ಮಾಡೋಣ ಅನ್ನುವ ಯೋಚನೆ ಇದ್ದರೆ ಈಗಲೇ ಬಿಡಿ.

ಹಾಗಾದರೆ ಏನು ಮಾಡೋದು? ಪೀಪಾಯಿಗೇ ಹಾಕಬೇಕು ಅಂತ ಆಸೆ ಇದ್ದರೆ, ಮೊದಲು ಬಿರಡೆ ತೆಗೆದು ಮೂಗಿಟ್ಟು ನೋಡಿ. ವಿಸ್ಕಿ, ಓಕ್ ವಾಸನೆ ಬಂದರೆ ಚಿಂತೆ ಇಲ್ಲ. ವಿನೆಗರ್ ಅಥವಾ ಬೂಷ್ಟು ವಾಸನೆ ಬಂದರೆ ಎಷ್ಟು ತೊಳೆದರೂ ಮರದೊಳಗಿಂದ ಹೋಗಲ್ಲ, ಹೂವಿನ ಕುಂಡ ಮಾಡಿಕೊಳ್ಳಿ ಅಂತ ಪಕ್ಕದ ಮನೆಯವರಿಗೆ ಹೇಳಿಬಿಡಿ, ಬೇಜಾರಾದರೂ ಪರವಾಗಿಲ್ಲ. ಪೀಪಾಯಿ ಚೆನ್ನಾಗಿದ್ದರೂ ಅಷ್ಟೊಂದು ರಸವನ್ನು ಒಂದೇ ಪಾತ್ರೆಗೆ ಹಾಕೋದೇ ಒಂದು ಜೂಜು. ಅದು ಬೇಡ ಅನ್ನಿಸಿದರೆ ಆಹಾರಕ್ಕೆ ಬಳಸುವ 30 ಅಥವಾ 60 ಲೀಟರಿನ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಹುದುಗಿಸಿ, ಒಂದು ಕೆಟ್ಟರೆ ಅದನ್ನು ಬಿಟ್ಟು ಉಳಿದವನ್ನು ಚಳಿಗಾಲದಲ್ಲಿ ಪೀಪಾಯಿಗೆ ಸೇರಿಸಿ. ತೊಳೆಯುವ ಕೆಲಸ ಜಾಸ್ತಿ, ಒಂದು ಸಲ ವರ್ಗಾಯಿಸುವಾಗ ಗಾಳಿ ತಗಲುತ್ತೆ, ಆದರೂ ಮೊದಲ ವರ್ಷಕ್ಕೆ ನನ್ನ ಓಟು ಇದಕ್ಕೇ. ಡ್ರಮ್ಮುಗಳ ಮೇಲೆ ಲೀಟರಿನ ಗುರುತೂ ಇರುತ್ತೆ, ಪ್ರತಿಯೊಂದಕ್ಕೂ ಬೇರೆಯಾಗಿ ಪಿಎಚ್ ನೋಡಿ ಪುಡಿ ತೂಗಬಹುದು. ಮಾರುವ ಯೋಚನೆ ಏನಾದರೂ ಇದ್ದರೆ, ಲೀಟರಿಗೆ 10 ಮಿಲಿಗ್ರಾಮಿಗಿಂತ ಜಾಸ್ತಿ ಸಲ್ಫೈಟ್ ಇದ್ದಾಗ ಲೇಬಲ್ ಮೇಲೆ ಬರೆಯಬೇಕು, ತೆರಿಗೆಯ ನಿಯಮವೂ ಬೇರೆ ಬರುತ್ತೆ, ಅದನ್ನು ಅಲ್ಲಿನ ಕಚೇರಿಯಲ್ಲಿ ವಿಚಾರಿಸಿ.

ಸೇಬು ಹಿಂಡೋದು ಅಕ್ಟೋಬರಿನ ಹೊತ್ತಿಗೆ ಶುರುವಾಗುತ್ತಲ್ಲ, ಪೀಪಾಯಿಯನ್ನು ಸೆಪ್ಟೆಂಬರ್ ಕೊನೆಗೇ ನೆನೆಹಾಕಿ. ಬಕೆಟ್ ಎಣಿಸಿ ಬಂದ ಲೀಟರನ್ನು ಸೀಮೆಸುಣ್ಣದಲ್ಲಿ ಪೀಪಾಯಿಯ ತಲೆ ಮೇಲೆ ದೊಡ್ಡದಾಗಿ ಬರೆದಿಡಿ. ಆ ಸಂಖ್ಯೆ ಮತ್ತು ರಸದ ಪಿಎಚ್ ಎರಡನ್ನೂ ಬರೆದು ಕಳಿಸಿದರೆ ಪುಡಿಯ ಗ್ರಾಂ ಲೆಕ್ಕ ಹಾಕಿ ಹೇಳುತ್ತೇನೆ.